ಸೀಟಿ ಹೊಡೆಯದ ಕುಕ್ಕರು

ನನ್ನ ಮಾವನವರ ಹುಬ್ಬುಗಳಲ್ಲಿ ಯಾವಾಗಲೂ ಹತ್ತಿಯ ಎಳೆ ಸಿಕ್ಕಿಕೊಂಡಂತೆ ಕಾಣುತ್ತಿತ್ತು. ನಾನು ಮದುವೆಯಾಗಿ ಬೆಟಗೇರಿಗೆ ಬಂದ ಹೊಸತರಲ್ಲಿ ಅದನ್ನು ಹತ್ತಿಯೆಂದೇ ನಂಬಿ, "ಮಾವಾರ, ಹುಬ್ಬಿಗೆ ಅಳ್ಳಿ ಹತ್ತೈತ್ರಿ" ಎಂದು ಸನ್ನೆ ಮಾಡಿ ತೋರಿಸಿದೆ. ಅವರು ಅಂಗೈಯಿಂದ ಗಸಗಸ ಒರೆಸಿಕೊಂಡರು. ಹೋಗಲಿಲ್ಲ. "ಇದು ಅಂಗಡಿ ಹತ್ತಿ ಅಲ್ಲ ಯವ್ವಾ, ನನ್ನ ಹೊಲದಾಗ ಬೆಳದದ್ದು" ಎಂದು ನಕ್ಕರು. ಹುಬ್ಬು ಹಣ್ಣಾಗಿತ್ತು, ಅಷ್ಟೇ.

ಕೈಯೂ ಹಾಗೇ. ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿ ನೂಲು ತೀಡಿ ತೀಡಿ ನುಣ್ಣಗಾಗಿ ಗೆರೆಗಳೆಲ್ಲ ಅಳಿಸಿಹೋಗಿದ್ದವು. ರೇಶನ್ ಅಂಗಡಿಯ ಯಂತ್ರದ ಮೇಲೆ ಬೆರಳಿಟ್ಟರೆ ಅದು ಇವರನ್ನು ಗುರುತಿಸುತ್ತಲೇ ಇರಲಿಲ್ಲ. ಅಂಗಡಿಯವನು ಬೇಸರಪಟ್ಟರೆ ಇವರು ಸಮಾಧಾನದಿಂದ, "ಬಿಡಪಾ, ಆ ಗೆರಿ ಎಲ್ಲಾ ಸೀರಿ ಮ್ಯಾಲ ಹೋಗ್ಯಾವು" ಎನ್ನುತ್ತಿದ್ದರು.

ಮೊದಲು ಮನೆಯಲ್ಲೇ ಕೈಮಗ್ಗವಿತ್ತು. ಅದು ನಿಂತ ಮೇಲೆ ಮಾವನವರು ವಿದ್ಯುತ್ ಮಗ್ಗದ ಶೆಡ್ಡು ಸೇರಿದರು. ಆ ಶೆಡ್ಡು ಅವರಿಗೆ ಕೂಲಿ ಕೊಟ್ಟಿತು, ಕಿವಿ ಕಿತ್ತುಕೊಂಡಿತು. ಅಲ್ಲಿನ ಗದ್ದಲದಲ್ಲಿ ಮಾತು ಕೇಳಿಸುವ ಪ್ರಶ್ನೆಯೇ ಇಲ್ಲ. ಕೆಲಸಗಾರರೆಲ್ಲ ಒಬ್ಬರ ತುಟಿ ಒಬ್ಬರು ನೋಡಿ ಸುದ್ದಿ ತಿಳಿಯುತ್ತಿದ್ದರಂತೆ. ಯಾರ ಮನೆಯಲ್ಲಿ ಕೂಸು ಹುಟ್ಟಿತು, ಯಾರ ಮಗಳಿಗೆ ವರ ಗೊತ್ತಾಯಿತು, ಎಲ್ಲವೂ ತುಟಿಯಿಂದ ಕಣ್ಣಿಗೆ. ಹೀಗಾಗಿ ನಮ್ಮ ಮನೆಯಲ್ಲಿ ಗುಟ್ಟು ಎಂಬುದು ಉಳಿಯುತ್ತಿರಲಿಲ್ಲ. ಅಂಗಳದ ಆ ತುದಿಯಲ್ಲಿ ನಾನು ಪಿಸುಗುಟ್ಟಿದ್ದನ್ನು ಈ ತುದಿಯಿಂದ ಓದಿಬಿಡುತ್ತಿದ್ದರು. ಬೆನ್ನು ತಿರುಗಿಸಿ ನಿಂತರೆ ಮಾತ್ರ ಕೂಗಿದರೂ ಕೇಳದು.

ಹಲವು ವರ್ಷ ಕಾದ ಮೇಲೆ ನನಗೆ ಶಾಲಾ ಶಿಕ್ಷಕಿಯ ನೌಕರಿ ಸಿಕ್ಕಿತು. ಊರು ಮುಂಡರಗಿ ತಾಲ್ಲೂಕಿನ ಹಿರೇವಡ್ಡಟ್ಟಿ. ಗದಗ ಹಳೆಯ ದೊಡ್ಡ ಜಿಲ್ಲೆಯಿಂದ ಬೇರೆಯಾಗಿ ಎಷ್ಟೋ ಕಾಲವಾಗಿದ್ದರೂ ಮಾವನವರ ಬಾಯಲ್ಲಿ ಅದು ‘ಹೊಸ ಜಿಲ್ಲಾ’ ಆಗಿಯೇ ಉಳಿದಿತ್ತು. "ಹೊಸ ಜಿಲ್ಲಾ ಆಗಿದ್ದಕ್ಕ ಮುಂಡರಗಿ ಸಿಕ್ಕೈತಿ. ಇಲ್ಲಂದ್ರ ನಿನ್ನ ಕಲಘಟಗಿ ಆಚಿ ಅಡವ್ಯಾಗ ಒಗೀತಿದ್ರು" ಎಂದು ಹೆಮ್ಮೆಪಟ್ಟರು. ಅತ್ತೆ ಓಣಿಗೆಲ್ಲ ಪೇಡೆ ಹಂಚಿದರು. ನಸುಕಿನಲ್ಲಿ ನಾನು ಬಸ್ಸಿಗೆ ಓಡುವಾಗ ಡಬ್ಬಿ ಕೈಗಿಡುತ್ತಿದ್ದವರು ಅವರೇ.

ಆ ಸುಖ ಹೆಚ್ಚು ದಿನ ನಡೆಯಲಿಲ್ಲ. ಒಂದು ಮಧ್ಯಾಹ್ನ ಅತ್ತೆಗೆ ಲಕ್ವ ಹೊಡೆಯಿತು. ಬಲಗಡೆ ಕೈಕಾಲು ಬಿದ್ದವು, ಬಾಯಿ ಸೊಟ್ಟಾಯಿತು, ಮಾತು ಕಲಸಿಹೋಯಿತು. ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ ನಡುಮನೆಯಲ್ಲಿ ಎಲ್ಲರೂ ಕೂತಿದ್ದೆವು. ನನ್ನ ಗಂಡ ಬಸ್ ಕಂಡಕ್ಟರು. ಅವರದು ಹೆಚ್ಚಾಗಿ ವಸ್ತಿ ಬಸ್ಸು. ಸಂಜೆ ಶಿರಹಟ್ಟಿ ಕಡೆಯ ಹಳ್ಳಿಗೆ ಹೋಗಿ ಅಲ್ಲೇ ತಂಗಿ ಮರುದಿನ ಬರಬೇಕು. ಟಿಕೇಟು ಕೇಳುವಾಗ ಬಿಟ್ಟರೆ ಬಾಯಿ ತೆರೆಯದ ಮನುಷ್ಯ, ಅವತ್ತೂ ನೆಲ ನೋಡುತ್ತ ಕೂತಿದ್ದರು. ಮಾತಾಡಿದವರು ಮಾವನವರ ತಂಗಿ. ಅವರನ್ನು ನಾವೆಲ್ಲ ಲಕ್ಷ್ಮೇಶ್ವರದವರು ಎಂದೇ ಕರೆಯುವುದು. ಮನಸ್ಸು ಮೆತ್ತಗೆ, ನಾಲಿಗೆ ಕುಡುಗೋಲು.

"ನೌಕರಿ ಇವತ್ತ ಬಿಟ್ರ ನಾಳೆ ಇನ್ನೊಂದ ಸಿಗತೈತಿ. ಅತ್ತಿ ಇನ್ನೊಬ್ಬಾಕಿ ಸಿಗತಾಳೇನು? ಮಧ್ಯಾಹ್ನ ಇಕಿ ಬಾಯಾಗ ತುತ್ತ ಇಡವರ ಯಾರು? ನೀ ಮನ್ಯಾಗ ಇರಬೇಕ ಯವ್ವಾ."

ಇನ್ನೊಂದು ನೌಕರಿ ಸಿಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಅವರ ಮಾತಿನಲ್ಲಿ ತಪ್ಪು ಇಲ್ಲ ಎಂಬುದೂ ಗೊತ್ತಿತ್ತು. ಅದಕ್ಕೇ ಸಿಟ್ಟು ಬಂದು ಸೆರಗಿನ ತುದಿ ಹಿಂಡುತ್ತಿದ್ದೆ.

ಮಾವನವರು ಎಲ್ಲರ ತುಟಿಗಳನ್ನು ಸರದಿಯಂತೆ ನೋಡಿದರು. ಆಮೇಲೆ ಮಂಚದ ಕಡೆ ಕೈ ತೋರಿಸಿ ಹೇಳಿದರು: "ನಾ ನೇಯಾಕತ್ತಾಗ ಕಂಡಕಿ ಸುತ್ತಿದಾಕಿ ಇಕಿ. ಸೀರಿ ನೋಡಿ ಮಂದಿ ನನ್ನ ಹೊಗಳಿದ್ರು. ಕಂಡಕಿ ಯಾರ ನೋಡ್ಯಾರ? ಆಕಿ ಸುತ್ತಿ ಕೊಡಲಿಲ್ಲಂದ್ರ ನನ್ನ ಲಾಳಿ ಒಂದ ಸಲನೂ ಆಕಡಿಂದ ಈಕಡಿ ಹೋಗ್ತಿದ್ದಿಲ್ಲ. ಈಗ ನಾ ಸುತ್ತತೀನಿ. ನೀ ನೇಯಿ ಯವ್ವಾ."

ಲಾಳಿಯ ಹೊಟ್ಟೆಯೊಳಗೆ ನೂಲು ಸುತ್ತಿದ ಸಣ್ಣ ಕಡ್ಡಿ ಇರುತ್ತದೆ, ಅದೇ ಕಂಡಕಿ. ಅದು ಖಾಲಿಯಾದರೆ ಎಂಥ ನೇಕಾರನೂ ಕೈ ಕಟ್ಟಿ ಕೂರಬೇಕು. ನೇಕಾರರ ಮನೆಗಳಲ್ಲಿ ಹೆಂಗಸರ ಆಯುಷ್ಯವೆಲ್ಲ ರಾಟಿಯ ಮುಂದೆ ಅದನ್ನು ಸುತ್ತುತ್ತಲೇ ಕಳೆಯುತ್ತದೆ.

ಲಕ್ಷ್ಮೇಶ್ವರದವರು ಬಿಡಲಿಲ್ಲ. "ಅಣ್ಣಾ, ನಿಮ್ಮ ಅಡಗಿಮನ್ಯಾಗ ಉಪ್ಪಿನ ಡಬ್ಬಿ ಎಲ್ಲೈತಿ ಹೇಳ ನೋಡೂಣು?"

ಮಾವನವರು ಅಡುಗೆಮನೆಯ ಕಡೆ ಒಮ್ಮೆ ನೋಡಿ, "ಹುಡುಕತೀನಿ" ಅಂದರು.

ಹುಡುಕಿದರು, ಸಿಕ್ಕಿತು. ಆದರೆ ಉಪ್ಪಿನ ಡಬ್ಬಿ ಸಿಕ್ಕ ಮಾತ್ರಕ್ಕೆ ಅಡುಗೆ ಆಗುತ್ತದೆಯೇ? ಸಂಜೆ ನಾನು ಶಾಲೆಯಿಂದ ಬಂದು ನೋಡಿದರೆ ಪಾತ್ರೆಯಲ್ಲಿ ಅನ್ನವೆಂಬುದು ಇರುತ್ತಿರಲಿಲ್ಲ. ಬಿಳೀ ಲೇಹ್ಯದಂಥದ್ದೇನೋ ಇರುತ್ತಿತ್ತು. ಬೇಳೆಯೂ ಹಾಗೇ, ನುಚ್ಚೂ ಹಾಗೇ. ಒಂದು ದಿನ ನನ್ನ ಗಂಡನೇ ಬಾಯಿ ಬಿಟ್ಟರು: "ಅಪ್ಪಾ, ಇದನ್ನ ಉಣಬೇಕೋ, ನೂಲಿಗೆ ಹಚ್ಚಬೇಕೋ?" ನಾನು ನಗು ತಡೆಯಲು ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದೆ. ಒಂದು ಪುಣ್ಯವೆಂದರೆ, ಆಗ ಅತ್ತೆಗೆ ಅಗಿಯಲು ಬರುತ್ತಿರಲಿಲ್ಲ. ಮೆತ್ತಗಿನದನ್ನೇ ಕೊಡಿ ಎಂದು ಡಾಕ್ಟರು ಹೇಳಿದ್ದರು. ಆ ಲೇಹ್ಯವೇ ಅವರಿಗೆ ಸಲೀಸಾಗಿ ಇಳಿಯುತ್ತಿತ್ತು.

ಬೇಗ ಆಗಲಿ ಎಂದು ಕುಕ್ಕರು ಹೇಳಿಕೊಟ್ಟೆ. ಅಲ್ಲಿ ಇನ್ನೊಂದು ತೊಡಕು, ಸೀಟಿ. ಓಣಿಯಲ್ಲಿ ಎಲ್ಲರಿಗೂ ಕೇಳುವ ನಮ್ಮ ಮನೆಯ ಸೀಟಿ ಮಾವನವರೊಬ್ಬರಿಗೆ ಕೇಳದು. ಒಲೆಯ ಎದುರು ಮಣೆ ಹಾಕಿ ಕೂತು ಹಬೆ ನುಗ್ಗುವುದನ್ನು ಕಣ್ಣಿನಿಂದ ಕಾಯುತ್ತಿದ್ದರು. ಒಂದು ಮಧ್ಯಾಹ್ನ ಅತ್ತೆ ಮಂಚದಿಂದ ಜಾರತೊಡಗಿದ್ದು ಕಂಡು ಎದ್ದು ಓಡಿದರು. ಅವರನ್ನು ಎತ್ತಿ ಮಲಗಿಸಿ, ಒರೆಸಿ, ನೀರು ಕುಡಿಸಿ ಕೂತವರು ಒಲೆಯನ್ನೇ ಮರೆತರು. ಬೇಳೆ ಕರಿಕಾಗಿ ಹೊಗೆ ಬೀದಿಗೆ ಬಂದಾಗ ನೆರೆಮನೆಯವರು ನುಗ್ಗಿ ಒಲೆ ಆರಿಸಿದರು. ಸುದ್ದಿ ಅವತ್ತೇ ಲಕ್ಷ್ಮೇಶ್ವರ ಮುಟ್ಟಿತು. "ಅಣ್ಣ ಮನಿ ಸುಟಗೊಂಡ ಮ್ಯಾಲ ರಾಜೀನಾಮೆ ಕೊಡ್ತೀಯೇನು?" ಎಂದು ಫೋನು ಬಂತು. ಅವತ್ತು ನಾನು ನಿಜವಾಗಿಯೂ ಸೋತೆ. ತಿಂಗಳ ಕೊನೆಗೆ ರಾಜೀನಾಮೆ ಕೊಡುತ್ತೇನೆ ಎಂದು ಗಂಡನಿಗೆ ಹೇಳಿದೆ. ಅವರು ಮರುದಿನ ಡ್ಯೂಟಿ ಮುಗಿಸಿ ಬರುವಾಗ ಗದಗದ ಪೇಟೆಯಿಂದ ದೊಡ್ಡ ರಟ್ಟಿನ ಪೆಟ್ಟಿಗೆ ಹೊತ್ತು ತಂದರು. ಒಳಗೆ ಕರೆಂಟಿನ ಕುಕ್ಕರು.

ಸೀಟಿ ಇಲ್ಲ. ಗುಂಡಿ ಒತ್ತಿದರೆ ಕೆಂಪು ದೀಪ, ಬೆಂದ ಮೇಲೆ ಹಸಿರು ದೀಪ. ತಾನೇ ಆರುತ್ತದೆ, ತಾನೇ ಬಿಸಿ ಹಿಡಿದಿಡುತ್ತದೆ. ಕಿವಿಯ ಕೆಲಸವನ್ನೆಲ್ಲ ಕಣ್ಣಿಗೆ ಒಪ್ಪಿಸಿದ ಕುಕ್ಕರು. ಮಾವನವರಿಗೆ ಮಾತ್ರ ಅದು ಹಿಡಿಸಲಿಲ್ಲ. ಸುತ್ತಲೂ ತಿರುಗಿ ನೋಡಿ, "ಮುಟ್ಟಂಗಿಲ್ಲ, ನಡಕ ಮುಚ್ಚಳ ತಗದ ನೋಡಂಗಿಲ್ಲ. ಒಳಗ ಏನ ನಡದೈತಿ ಅಂತ ಹೆಂಗ ನಂಬೂದು?" ಅಂದರು.

ಭಾನುವಾರ ಇಬ್ಬರೂ ಕೂಡಿ ಮಾಡಿದೆವು. ಅಕ್ಕಿ ಅಳೆದು, ನೀರನ್ನೂ ನಾನೇ ಅಳೆದು ಹಾಕಿಸಿದೆ. ಹಸಿರು ದೀಪ ಬಂತು, ಹಬೆ ಇಳಿಯಿತು, ಮುಚ್ಚಳ ತೆಗೆದರು. ಅನ್ನ ಮಲ್ಲಿಗೆಯಂತೆ ಬಿಡಿಬಿಡಿಯಾಗಿತ್ತು. ಮಾವನವರು ಒಂದು ಅಗುಳು ತೆಗೆದು ಆ ನುಣ್ಣನೆಯ ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ತೀಡಿದರು. ಬೆರಳು ಬಿಡಿಸಿ ನೋಡಿದರು, ಮತ್ತೆ ತೀಡಿದರು. ಮುಖ ಸಪ್ಪಗಾಯಿತು. "ಬೆಂದಿಲ್ಲ" ಎಂದು ಮುಚ್ಚಳ ಹಾಕಹೋದರು.

ನನಗೆ ಆಗ ತಟ್ಟನೆ ತಿಳಿಯಿತು. ನೂಲಿಗೆ ಹಚ್ಚುವ ಗಂಜಿ ಹದಕ್ಕೆ ಬಂತೋ ಇಲ್ಲವೋ ಎಂದು ನೋಡುವುದೇ ಹೀಗೆ. ಬೆರಳಿನ ನಡುವೆ ತೀಡಿ ಬಿಡಿಸಿದಾಗ ಎಳೆ ಬರಬೇಕು. ಎಳೆ ಬಾರದ ಗಂಜಿ ಹಸಿ. ಆಯುಷ್ಯವಿಡೀ ಆ ಬೆರಳುಗಳಿಗೆ ಗೊತ್ತಿದ್ದ ‘ಬೆಂದದ್ದು’ ಅದೊಂದೇ! ಅನ್ನ, ಬೇಳೆ, ನುಚ್ಚು ಎಲ್ಲವನ್ನೂ ಅವರು ಎಳೆ ಬರುವವರೆಗೆ ಬೇಯಿಸಿದ್ದರು.

ಅವರ ಎದುರಿಗೆ ನಿಂತು ತುಟಿ ಬಿಡಿಸಿ ಹೇಳಿದೆ: "ಬೆಂದೈತ್ರಿ ಮಾವಾರ. ಬೆರಳಿಗೆ ಕೇಳಬ್ಯಾಡ್ರಿ, ಬಾಯಿಗೆ ಕೇಳ್ರಿ."

ಬಾಯಿಗೆ ಹಾಕಿ ನಿಧಾನವಾಗಿ ಅಗಿದರು. ಕಣ್ಣು ಅಗಲವಾಯಿತು. "ಅಂದ್ರ ಇಷ್ಟ ದಿನಾ ನಿಮಗೆಲ್ಲಾ ನಾ ಗಂಜಿ ಉಣಿಸೇನಿ?"

"ಹೂನ್ರಿ."

ಅವರು ನಗತೊಡಗಿದರು. ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಮಂಚದ ಮೇಲಿಂದ ಇನ್ನೊಂದು ಸದ್ದು ಕೇಳಿತು. ಅತ್ತೆ, ಸೊಟ್ಟ ಬಾಯಿಯ ಒಂದೇ ಬದಿಯಿಂದ, ಲಕ್ವ ಹೊಡೆದ ಮೇಲೆ ಮೊದಲ ಸಲ ನಗುತ್ತಿದ್ದರು. ರಾಜೀನಾಮೆಯ ಮಾತು ನಾನು ಮತ್ತೆ ಎತ್ತಲಿಲ್ಲ.

ಆಮೇಲೆ ಅವರನ್ನು ಹಿಡಿಯುವವರಿಲ್ಲ. ಹೊಸದಾಗಿ ಅಡುಗೆ ಕಲಿತವರ ಹುರುಪು ನಿಮಗೂ ಗೊತ್ತಿರಬಹುದು. ಊರಲ್ಲಿ ಇನ್ನಾರೂ ಅನ್ನವನ್ನೇ ಮಾಡಿಲ್ಲ ಎಂಬಂತೆ ಇರುತ್ತಾರೆ. ಅವರ ಅಡುಗೆಯ ಸೂತ್ರ ಒಂದೇ ಆಗಿತ್ತು: "ಹಾಸು ಸುದ್ದ ಇದ್ರ ನೇಯಿಗಿ ತಾನ ಬರತೈತಿ." ಹಾಸು ಎಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟಿಕೊಳ್ಳುವ ನೂಲು. ಅದನ್ನು ಸಿದ್ಧಮಾಡುವುದೇ ಅರ್ಧ ಕೆಲಸ. ಹಾಗೆ ನಾಳೆಯ ಊಟ ಇವತ್ತಿನ ಸಂಜೆಗೇ ಹಾಸಾಗಬೇಕು. ಬಿಸಿಲು ಇಳಿಯುವ ಹೊತ್ತಿಗೆ ಮಡಿಕೆಕಾಳೋ ಕಡಲೆಯೋ ನೆನೆಯಲು ಬೀಳುತ್ತಿತ್ತು. ಹೆಸರುಬೇಳೆ, ತೊಗರಿಬೇಳೆಗೆ ನೆನೆಯುವ ಗೋಜಿಲ್ಲ, ತೊಳೆದಿಟ್ಟರೆ ಸಾಕು. ಭಾನುವಾರ ಉಳ್ಳಾಗಡ್ಡಿ, ಒಣಕೊಬ್ಬರಿ, ಎಳ್ಳು, ಶೇಂಗಾ ಹುರಿದು ನನ್ನಿಂದ ಮಸಾಲೆ ರುಬ್ಬಿಸಿ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿ ಇಡುತ್ತಿದ್ದರು. ವಾರವಿಡೀ ಬೆಂದ ಕಾಳಿಗೆ ಒಂದೊಂದು ಚಮಚ ಬಿದ್ದರೆ ಪಲ್ಯ, ನೀರು ಹೆಚ್ಚಿಸಿದರೆ ಸಾರು. ಕುಕ್ಕರಿನ ತಳಕ್ಕೆ ನೀರು ಹಾಕಿ, ಬೇಳೆಯ ಡಬ್ಬಿ, ಅದರ ಮೇಲೆ ಅಕ್ಕಿಯ ಡಬ್ಬಿ ಇಟ್ಟರೆ ಎರಡೂ ಒಮ್ಮೆಗೇ. ರೊಟ್ಟಿ ಬಡಿಯಲು ಮಾತ್ರ ಕೊನೆಯವರೆಗೂ ಬರಲಿಲ್ಲ. ಮಾರುವವರಿಂದ ಒಣಗಿಸಿದ ಕಟಕ ರೊಟ್ಟಿ ತರಿಸಿ ಬಟ್ಟೆಯಲ್ಲಿ ಕಟ್ಟಿಡುತ್ತಿದ್ದರು. ನೆಂಚಿಕೊಳ್ಳಲು ಶೇಂಗಾ ಚಟ್ನಿಪುಡಿ.

ಅತ್ತೆಯ ಊಟಕ್ಕೆ ಖಾರವಿಲ್ಲ, ಉಪ್ಪು ಅರೆಬರೆ. ಡಾಕ್ಟರು ಹಾಗೆ ಹೇಳಿದ್ದರು. ನಮ್ಮದು ಬೇರೆ. ಡಬ್ಬಿ ಅದಲುಬದಲಾಗಬಾರದೆಂದು ಅತ್ತೆಯ ಡಬ್ಬಿಗೆ ಬಿಳೀ ನೂಲು, ನಮ್ಮವಕ್ಕೆ ಕೆಂಪು ನೂಲು ಸುತ್ತಿ ಗಂಟು ಹಾಕುತ್ತಿದ್ದರು. ನೇಕಾರರ ಗಂಟು ಸಾಸಿವೆಯಷ್ಟು ಸಣ್ಣದು, ಎಳೆದಷ್ಟೂ ಬಿಗಿ. ಶಾಲೆಯಲ್ಲಿ ಊಟದ ಹೊತ್ತಿಗೆ ನನಗೆ ಬಿಚ್ಚಲು ಬಾರದೆ ದಿನವೂ ಹಲ್ಲಿನಿಂದ ಕಡಿಯುತ್ತಿದ್ದೆ. "ಟೀಚರ್ ಊಟಕ್ಕಿಂತ ಮೊದ್ಲ ದಾರ ತಿಂತಾರ" ಎಂದು ಜೊತೆಯ ಶಿಕ್ಷಕಿಯರು ನಗುತ್ತಿದ್ದರು.

ಗಡಿಯಾರ ಹೊಂದಿಸಿ ಇಟ್ಟರೆ ಕುಕ್ಕರು ಬೆಳಗಿನ ಹೊತ್ತಿಗೆ ತಾನೇ ಶುರುವಾಗುತ್ತದೆ ಎಂಬುದನ್ನು ಕಂಡುಹಿಡಿದ ದಿನವಂತೂ ಹಬ್ಬ. ಓಣಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದರು: "ನಾ ಮಲಕೊಂಡಿದ್ರೂ ಅದು ಎದ್ದಿರತೈತಿ." ಕರೆಂಟು ಹೋಗದಿದ್ದರೆ ಎಂಬ ಮಾತನ್ನು ನುಂಗಿಬಿಡುತ್ತಿದ್ದರು. ಹೋದ ದಿನ ಅವಲಕ್ಕಿ.

ಇಷ್ಟೆಲ್ಲ ಮಾಡಿದ್ದಕ್ಕೆ ಅತ್ತೆಯಿಂದ ಸಿಗುತ್ತಿದ್ದ ಬಹುಮಾನ ಒಂದೇ ಮಾತು. ತುತ್ತು ಇಟ್ಟು ಮಾವನವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾಯುವರು. ಅತ್ತೆ ನುಂಗಿ, ಮುಖ ಗಂಟಿಕ್ಕಿ ಏನೋ ಅನ್ನುವರು. ನನಗೂ ನನ್ನ ಗಂಡನಿಗೂ ಅದು ಗೊರಗೊರ ಸದ್ದು ಅಷ್ಟೇ. ಮಾವನವರು ಮಾತ್ರ, "ಉಪ್ಪಿಲ್ಲ ಅನ್ನಾಕತ್ತಾಳ" ಎಂದು ಹಣೆ ಚಚ್ಚಿಕೊಳ್ಳುವರು. "ಉಪ್ಪಿಗಿಂತ ರುಚಿ ಇಲ್ಲ, ಖರೆ. ಆದ್ರ ನಿನಗಿಂತ ಉಪ್ಪ ಹೆಚ್ಚಲ್ಲ."

ಕಿವಿಯಿದ್ದ ನಮಗೆ ತಿಳಿಯದ ಮಾತು ಇವರಿಗೆ ಹೇಗೆ ತಿಳಿಯುತ್ತದೆ ಎಂದು ನನಗೆ ಹೊಟ್ಟೆಕಿಚ್ಚೇ ಆಗುತ್ತಿತ್ತು. ಒಮ್ಮೆ ಕೇಳಿದೆ. "ನೀವು ಕೇಳಾಕ ಹೋಗ್ತೀರಿ. ಸಪ್ಪಳ ಕೆಟ್ಟೈತಿ ಆಕಿದು, ತುಟಿ ಅರ್ಧಾ ಇನ್ನೂ ಸುದ್ದ ಐತಿ" ಎಂದು ನನ್ನ ಎರಡೂ ಕೈಗಳನ್ನು ನನ್ನ ಕಿವಿಗಳ ಮೇಲೆ ಇಡಿಸಿದರು. "ಕಿವಿ ಮುಚಗೊಂಡ ನೋಡು." ನೋಡಿದೆ. ನನಗೇನೂ ಕಾಣಲಿಲ್ಲ. "ದಿನಾ ನೋಡು, ಬರತೈತಿ" ಅಂದರು.

ಶ್ರಾವಣದಲ್ಲಿ ಪಂಚಮಿಗೆ ಲಕ್ಷ್ಮೇಶ್ವರದವರು ತವರಿಗೆ ಬಂದರು. ಪಂಚಮಿಯ ಹಿಂದಿನ ದಿನ ನಮ್ಮಲ್ಲಿ ಓಣಿಯೆಲ್ಲ ರೊಟ್ಟಿ, ಕಾಳುಪಲ್ಯ ಬೀರುತ್ತಾರೆ. ಪಂಚಮಿಯ ದಿನ ಮಾತ್ರ ಯಾರೂ ಒಲೆಯ ಮೇಲೆ ಹಂಚು ಇಡುವುದಿಲ್ಲ. ಇಟ್ಟರೆ ನಾಗಪ್ಪನ ಹೆಡೆ ಸುಟ್ಟಂತೆ. ಅವತ್ತು ಮಾವನವರು ಅತ್ತೆಗೆಂದು ನುಚ್ಚು ಬೇಯಿಸಲು ಸಿದ್ಧವಾಗುತ್ತಿದ್ದರು. ಲಕ್ಷ್ಮೇಶ್ವರದವರು ಬಂದು ಕುಕ್ಕರಿನ ಒಳಪಾತ್ರೆ ಎತ್ತಿ ಇಣುಕಿದರು. ತಳದಲ್ಲಿ ದುಂಡಗೆ ಒಂದು ತಟ್ಟೆ.

"ಅಣ್ಣಾ, ಇದು ಹಂಚಲ್ಲೇನು? ಪಂಚಮಿ ದಿನ ಹಂಚ ಕಾಸ್ತೀಯೇನು?"

ಮಾವನವರು ಬೇರೆ ಕಡೆ ಮುಖ ತಿರುಗಿಸಿದರು. ಬೇಡವಾದ ಮಾತು ಬಂದಾಗ ಅವರಿಗೆ ಕಣ್ಣೂ ಕೇಳಿಸುತ್ತಿರಲಿಲ್ಲ. ತಂಗಿ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಮತ್ತೆ ಅದನ್ನೇ ಕೇಳಿದರು.

"ಬೆಂಕಿ ತೋರಸು" ಅಂದರು ಮಾವನವರು.

"ಏನು?"

"ಹಂಚಿನ ಕೆಳಗ ಬೆಂಕಿ ಇರಬೇಕಿಲ್ಲೋ? ಇದರಾಗ ಬೆಂಕಿ ಎಲ್ಲೈತಿ ತೋರಸು. ತೋರಿಸಿದ್ರ ಈಗ ಬಂದ್ ಮಾಡ್ತೀನಿ."

ಲಕ್ಷ್ಮೇಶ್ವರದವರು ಬಗ್ಗಿ ಕೆಳಗೆ ನೋಡಿದರು, ಹಿಂದೆ ನೋಡಿದರು, ವಯರನ್ನು ಅನುಮಾನದಿಂದ ಮುಟ್ಟಿದರು. "ಬೆಂಕಿ ಇಲ್ಲ, ಖರೆ. ಆದ್ರ ಸುಡತೈತಲ್ಲ?"

"ಸುಡೂವೆಲ್ಲಾ ಬಂದ್ ಇಡೂದಾದ್ರ ಇವತ್ತ ನಿನ್ನ ನಾಲಿಗಿನೂ ಬಂದ್ ಇಡಬೇಕಾಗತೈತಿ."

ನಾನು, ನನ್ನ ಗಂಡ, ಅತ್ತೆ ಎಲ್ಲರೂ ನಕ್ಕೆವು. ಲಕ್ಷ್ಮೇಶ್ವರದವರು ಸಿಟ್ಟಿನಿಂದ ಪಂಚಮಿಗೆ ಕಟ್ಟಿದ್ದ ಜೋಕಾಲಿಯ ಕಡೆ ಹೋದರು. ಅವರು ಊರಿಗೆ ಮರಳುವವರೆಗೂ ಆ ಕುಕ್ಕರಿನ ಅನ್ನ ಮುಟ್ಟಲಿಲ್ಲ. ನಾನು ಅವರಿಗೆ ಬೇರೆ ಮಾಡಿ ಹಾಕಿದೆ.

ಹೀಗೆ ಏಳೆಂಟು ವರ್ಷ ನಡೆಯಿತು. ಶಾಲೆಯಲ್ಲಿ ನಾನು ಕಲಿಸಿದ ಮೊದಲ ಮಕ್ಕಳು ಏಳನೆಯ ಇಯತ್ತೆ ದಾಟಿ ಹೈಸ್ಕೂಲಿಗೆ ಹೋದರು. ಅವರಿಗೆ ನಾನು ಅಕ್ಷರ ಕಲಿಸಿದೆ ಎಂದು ಊರವರು ಹೊಗಳಿದಾಗಲೆಲ್ಲ ನನಗೆ ಮಾವನವರ ಮಾತು ನೆನಪಾಗಿ ನಾಚಿಕೆಯಾಗುತ್ತಿತ್ತು. ಸೀರೆ ನೋಡಿ ಹೊಗಳುತ್ತಿದ್ದರು, ಕಂಡಕಿ ಸುತ್ತುವವರು ಬೆಟಗೇರಿಯಲ್ಲಿದ್ದರು.

ಚಳಿಗಾಲದ ಒಂದು ಬೆಳಿಗ್ಗೆ ನಾನು ಎದ್ದು ಅಡುಗೆಮನೆಗೆ ಬಂದಾಗ ಕುಕ್ಕರಿನ ಹಸಿರು ದೀಪ ಹತ್ತಿತ್ತು. ಹೆಸರುಬೇಳೆ ಬೆಂದ ವಾಸನೆ. ಡಬ್ಬಿಗಳು ತೊಳೆದು ಸಾಲಾಗಿ ಕಟ್ಟೆಯ ಮೇಲೆ ಕೂತಿದ್ದವು, ಪಕ್ಕದಲ್ಲಿ ನೂಲಿನ ಉಂಡೆ. ಮಾವನವರು ಎದ್ದು ಹಿತ್ತಲಿಗೆ ಹೋಗಿರಬೇಕು ಎಂದುಕೊಂಡು ಸ್ನಾನ ಮುಗಿಸಿದೆ. ಬಂದರೂ ಡಬ್ಬಿಗಳು ಖಾಲಿಯೇ ಇದ್ದವು. ನಡುಮನೆಯಲ್ಲಿ ಅತ್ತೆಯ ಮಂಚದ ಕೆಳಗಿನ ಹಾಸಿಗೆಯಲ್ಲಿ ಅವರು ಇನ್ನೂ ಮಲಗಿದ್ದರು. ಕರೆದರೆ ಕೇಳುವುದಿಲ್ಲ, ಭುಜ ಮುಟ್ಟಿಯೇ ಎಬ್ಬಿಸಬೇಕು. ಮುಟ್ಟಿದೆ. ತಣ್ಣಗಿತ್ತು.

ಮುಂದಿನದೆಲ್ಲ ನೆರೆಯವರು ನಡೆಸಿದರು. ವಸ್ತಿಯಿಂದ ನನ್ನ ಗಂಡ ಬಂದರು, ಲಕ್ಷ್ಮೇಶ್ವರದವರು ಎದೆ ಬಡಿದುಕೊಳ್ಳುತ್ತ ಬಂದರು. ಗಂಡಸರು ಮಣ್ಣು ಮಾಡಿ ಬಂದು ಮೈ ತೊಳೆದುಕೊಂಡರು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವಾದ್ದರಿಂದ ಓಣಿಯವರು ಅನ್ನ, ಸಾರು ತಂದಿಟ್ಟರು. ಬೆಳಗಿನಿಂದ ಅತ್ತೆಯ ಬಾಯಲ್ಲಿ ನೀರು ಬಿಟ್ಟರೆ ಏನೂ ಹೋಗಿರಲಿಲ್ಲ. ನಾನು ಸಾರನ್ನ ಕಲಸಿ ತುತ್ತು ಹಿಡಿದೆ. ಖಾರಕ್ಕೆ ಕೆಮ್ಮು ಹತ್ತಿ ಮುಖ ತಿರುಗಿಸಿದರು.

ಅದೇ ಹೊತ್ತಿಗೆ ಲಕ್ಷ್ಮೇಶ್ವರದವರು ಅಡುಗೆಮನೆಗೆ ಹೋದವರು ಚೀರಿದರು. "ಅಯ್ಯ ನಮ್ಮವ್ವಾ! ಇದು ಇನ್ನೂ ಉರ್ಯಾಕತ್ತೈತಿ! ಹೆಣ ಮನ್ಯಾಗ ಇದ್ದಾಗ ಇಲ್ಲಿ ಅಡಗಿ ಬೆಂದೈತಿ. ಸೂತಕದ್ದು ಯಾರೂ ಮುಟ್ಟಬ್ಯಾಡ್ರಿ, ಎಮ್ಮಿಗೆ ಹಾಕ್ರಿ." ಒಳಪಾತ್ರೆಯನ್ನು ಎತ್ತಿಕೊಂಡು ಹಿತ್ತಲಿನ ಕಡೆ ಹೊರಟೇಬಿಟ್ಟರು.

ಅತ್ತೆ ಮಂಚದ ಮೇಲೆ ಮಿಸುಕಾಡಿದರು. ಎಡಗೈ ಎತ್ತಿ ಏನೋ ಅಂದರು. ಯಾರಿಗೂ ತಿಳಿಯಲಿಲ್ಲ. ಮತ್ತೆ ಅಂದರು, ಗೊರಗೊರ ಸದ್ದು ಜೋರಾಯಿತು. "ಗಂಡನ್ನ ನೆನಸ್ಯಾಳ" ಎಂದು ಯಾರೋ ಅಂದರು. ನನ್ನ ಗಂಡ ಬಗ್ಗಿ, "ಏನವ್ವಾ? ಏನ ಬೇಕ?" ಎಂದು ಕಿವಿ ಹತ್ತಿರ ತಂದರು. ಇಷ್ಟು ದಿನ ಆ ಮಾತನ್ನು ನಮಗೆ ತಿಳಿಸುತ್ತಿದ್ದವರು ಇನ್ನಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಇನ್ನು ಮುಂದೆ ಇವರು ಆಡಿದ್ದು ಯಾರಿಗೂ ಮುಟ್ಟುವುದಿಲ್ಲವೇ?

ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡೆ. ಅಳು, ಗದ್ದಲ ಎಲ್ಲ ದೂರವಾಯಿತು. ತುಟಿಯ ನೆಟ್ಟಗಿರುವ ಅರ್ಧವನ್ನಷ್ಟೇ ನೋಡಿದೆ. ತುಟಿ ಕೂಡಿತು, ತೆರೆಯಿತು. ಮತ್ತೆ ಅದೇ. ಕಂಡಿತು.

"ತಡೀರಿ" ಎಂದು ಕೂಗಿದೆ. "ಚೆಲ್ಲಬ್ಯಾಡ್ರಿ. ‘ಅವರ ಕೈ ಅಡಗಿ, ಬಡಸು’ ಅನ್ನಾಕತ್ತಾರ."

ಅತ್ತೆ ಹೌದೆಂದು ತಲೆಯಾಡಿಸಿದರು. ಕಣ್ಣಿಂದ ನೀರು ಇಳಿಯುತ್ತಿತ್ತು.

ಲಕ್ಷ್ಮೇಶ್ವರದವರು ಹಿತ್ತಲ ಬಾಗಿಲಲ್ಲಿ ಪಾತ್ರೆ ಹಿಡಿದು ನಿಂತಿದ್ದರು. ಹಿರಿಯರೊಬ್ಬರು, "ಒಲಿ ಹಚ್ಚಿದ ಅಡಗಿ, ಹೆಂಗ ಉಣ್ತೀರಿ?" ಎಂದು ತಕರಾರು ತೆಗೆದರು. ಲಕ್ಷ್ಮೇಶ್ವರದವರು ಪಾತ್ರೆಯೊಳಗೆ ನೋಡಿದರು, ಅತ್ತೆಯನ್ನು ನೋಡಿದರು.

"ಒಲಿ ಎಲ್ಲೈತ್ರಿ? ಇದರಾಗ ಬೆಂಕಿ ಇಲ್ಲ" ಅಂದರು. "ನಾ ನೋಡೇನಿ. ನಮ್ಮಣ್ಣ ತೋರಿಸ್ಯಾನ. ಬಡಸ ಯವ್ವಾ."

ಬಡಿಸಿದೆ. ಅತ್ತೆ ಎಡಗೈಯಿಂದ ತಾವೇ ಒಂದು ತುತ್ತು ಬಾಯಿಗೆ ಇಟ್ಟುಕೊಂಡು, ನುಂಗಿ, ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಮುಖ ಗಂಟಿಕ್ಕಿ ಒಂದು ಮಾತು ಅಂದರು. ಅದನ್ನು ತಿಳಿಯಲು ಕಿವಿ ಮುಚ್ಚಿಕೊಳ್ಳುವುದೂ ಬೇಕಾಗಲಿಲ್ಲ. ಉಪ್ಪಿಲ್ಲ.

ದಿನಕರ್ಮಗಳು ಮುಗಿದವು, ರಜೆಯೂ ಮುಗಿಯಿತು. ನಾಳೆಯಿಂದ ಅತ್ತೆಯ ಬಳಿ ಯಾರು ಎಂಬುದು ಇನ್ನೂ ಗೊತ್ತಾಗಿರಲಿಲ್ಲ. ಸಂಜೆ ಕಾಳು ನೆನೆಹಾಕುವ ಹೊತ್ತಿಗೆ ಲಕ್ಷ್ಮೇಶ್ವರದವರು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಕುಕ್ಕರಿನ ಮುಂದೆ ಬಂದು ನಿಂತರು. ಅವರು ಊರಿಗೆ ಹೋಗುವ ಚೀಲ ಗೂಟದ ಮೇಲೇ ತೂಗುತ್ತಿತ್ತು.

"ಯಾವ ಗುಂಡಿ ತೋರಸು" ಅಂದರು. "ನಾ ಇರತೀನಿ. ನೀ ಸಾಲಿಗೆ ಹೋಗ."

ಮರುದಿನ ಮಧ್ಯಾಹ್ನ ಹಿರೇವಡ್ಡಟ್ಟಿಯಲ್ಲಿ ಚೀಲದಿಂದ ಡಬ್ಬಿ ತೆಗೆದೆ. ಸುತ್ತಲೂ ಕೆಂಪು ನೂಲು, ಸಾಸಿವೆಯಷ್ಟು ಗಂಟು. ಅವರೂ ಅದೇ ಮನೆಯ ಮಗಳಲ್ಲವೇ! ಅವತ್ತು ಹಲ್ಲಿನಿಂದ ಕಡಿಯಲು ಮನಸ್ಸಾಗಲಿಲ್ಲ. ಉಗುರಿನಿಂದ ಬಿಡಿಸುತ್ತ ಕೂತೆ. ಉಳಿದವರ ಊಟ ಮುಗಿದು ಕೈ ತೊಳೆಯಲು ಹೋದಾಗ ಗಂಟು ಬಿಚ್ಚಿತು. ಪಲ್ಯಕ್ಕೆ ಉಪ್ಪು ವಿಪರೀತವಾಗಿತ್ತು. ಮನೆಯಲ್ಲಿ ಬಿಳೀ ನೂಲಿನ ಡಬ್ಬಿಗೂ ಇದೇ ಕೈ ಬಿದ್ದಿದ್ದರೆ ಅತ್ತೆ ಇವತ್ತು ಏನೂ ಅನ್ನದೆ ಉಂಡಿರಬೇಕು, ಸಂಜೆ ಹೋದೊಡನೆ ಉಪ್ಪಿನ ಅಳತೆ ತೋರಿಸಬೇಕು ಎಂದುಕೊಂಡೆ. ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಅಳುತ್ತಲೇ ಡಬ್ಬಿಯ ತಳ ಕಾಣುವವರೆಗೆ ಉಂಡೆ.